ಜೂನ್ ಹುಣ್ಣಿಮೆ: ಬಟ್ಟಲಲ್ಲಿ ಚಂದ್ರ ಕಾಣದಿದ್ದರೆ

ಜೂನ್ ಬಂತೆಂದರೆ ಗುಲಾಬಿ ಬಣ್ಣ ಬಳಿದ ಚಂದ್ರನ ಚಿತ್ರಗಳು ‘ಸ್ಟ್ರಾಬೆರಿ ಮೂನ್’ ಹೆಸರಿನಲ್ಲಿ ವಾಟ್ಸಾಪ್‌ನಲ್ಲಿ ಹರಿದಾಡುತ್ತವೆ. ಉತ್ತರ ಅಮೆರಿಕದ ಅಲ್ಗಾಂಕಿನ್ ಜನ ಆ ಹೆಸರಿಟ್ಟದ್ದು ಹಣ್ಣು ಮಾಗುವ ಕಾಲಕ್ಕೆ, ಬಣ್ಣಕ್ಕಲ್ಲ. ಮಾಟ ಮತ್ತು ಪ್ರಕೃತಿಪೂಜೆಯನ್ನು ಧರ್ಮವಾಗಿ ಆಚರಿಸುವ ಬ್ರಿಟನ್ನಿನ ವಿಕ್ಕಾ ಪಂಥದ ಹಲವರಿಗೆ ಇದು ‘ಮೀಡ್ ಮೂನ್’, ಜೇನುತುಪ್ಪ ಹುದುಗಿಸಿ ಮಾಡುವ ಮದ್ಯದ ಹುಣ್ಣಿಮೆ. ತಮಾಷೆಯೆಂದರೆ, ಅಲ್ಲಿ ಆ ರಾತ್ರಿ ಚಂದ್ರ ನಿಜಕ್ಕೂ ಜೇನಿನ ಬಣ್ಣಕ್ಕೆ ತಿರುಗುತ್ತಾನೆ.

ಸೂರ್ಯನೂ ಹುಣ್ಣಿಮೆ ಚಂದ್ರನೂ ತಕ್ಕಡಿಯ ಎರಡು ತಟ್ಟೆ ಇದ್ದಂತೆ. ಬೇಸಿಗೆಯ ಸೂರ್ಯ ಏರಿದಷ್ಟೂ ಅವನೆದುರಿನ ಚಂದ್ರ ಇಳಿಯುತ್ತಾನೆ. ಜೂನ್ 21ರ ಮಧ್ಯಾಹ್ನ ಲಂಡನ್ನಿನಲ್ಲಿ ಸೂರ್ಯ 62 ಡಿಗ್ರಿ ಏರಿದರೆ, ಆಸುಪಾಸಿನ ಹುಣ್ಣಿಮೆಯ ಚಂದ್ರ ಸುಮಾರು 15 ಡಿಗ್ರಿಗೇ ನಿಲ್ಲುತ್ತಾನೆ. ಚಂದ್ರನ ಕಕ್ಷೆ 5 ಡಿಗ್ರಿ ವಾಲಿರುವುದರಿಂದ ಈ ಎತ್ತರ 18.6 ವರ್ಷಗಳ ಆವರ್ತದಲ್ಲಿ 10ರಿಂದ 20ರವರೆಗೆ ತೂಗಾಡುತ್ತದೆ. 2025ರ ಜೂನ್‌ನಲ್ಲಿ 10ರ ಹತ್ತಿರವಿತ್ತು. ಅಷ್ಟು ತಗ್ಗಿನಿಂದ ಬರುವ ಬೆಳಕು ನೆತ್ತಿಯಿಂದ ಬರುವುದಕ್ಕಿಂತ ಐದೂವರೆ ಪಟ್ಟು ಗಾಳಿಯನ್ನು ಹಾಯಬೇಕು. ನೀಲಿ ಬೆಳಕು ಕೆಂಪಿಗಿಂತ ನಾಲ್ಕು ಪಟ್ಟು ಹೆಚ್ಚು ಚದುರುತ್ತದೆ. ಉಳಿದದ್ದು ಜೇನುಬಣ್ಣ. ಅದೇ ಹುಣ್ಣಿಮೆ ನಮ್ಮಲ್ಲಿ ಕಾರಹುಣ್ಣಿಮೆ; ಬೆಂಗಳೂರಿನಲ್ಲಿ ಅವನು 49 ಡಿಗ್ರಿಯವರೆಗೆ ಏರಿ ಬೆಳ್ಳಗೇ ಹೊಳೆದ.

ವಿಕ್ಕಾ ಸಾವಿರಾರು ವರ್ಷ ಹಳೆಯದೆಂಬ ಮಾತಿಗೆ ಆಧಾರವಿಲ್ಲ. 1735ರ ಮಾಟದ ಕಾಯ್ದೆ ಬ್ರಿಟನ್ನಿನಲ್ಲಿ ರದ್ದಾದದ್ದು 1951ರಲ್ಲಿ. ಜೆರಾಲ್ಡ್ ಗಾರ್ಡ್ನರ್ ಈ ಪಂಥದ ಬಗ್ಗೆ ಪುಸ್ತಕ ತಂದದ್ದು 1954ರಲ್ಲಿ. ಪಂಥದ ಮಂತ್ರಪಾಠಗಳಿಗೆ ಇಂದಿನ ರೂಪ ಕೊಟ್ಟವರಲ್ಲಿ ಡೊರೀನ್ ವ್ಯಾಲಿಯೆಂಟಿ ಮುಖ್ಯಳು. ಹುಣ್ಣಿಮೆಯ ಕೂಟಕ್ಕೆ ‘ಎಸ್ಬಾಟ್’ ಎನ್ನುತ್ತಾರೆ. ಒಂಬತ್ತು ಅಡಿ ಅಗಲದ ವೃತ್ತ, ನಾಲ್ಕು ದಿಕ್ಕಿಗೆ ಮೇಣದಬತ್ತಿ, ಪ್ರದಕ್ಷಿಣೆ, ಕೊನೆಗೆ ಕೇಕು ಮತ್ತು ಮದ್ಯ. ಹಲವರು ಬಟ್ಟಲ ನೀರಿನಲ್ಲಿ ಚಂದ್ರಬಿಂಬವನ್ನೂ ಹಿಡಿಯುತ್ತಾರೆ. ಜೂನ್‌ನಲ್ಲಿ ಎಡವುವುದು ಇಲ್ಲೇ.

ಚಂದ್ರ 10 ಡಿಗ್ರಿಯಲ್ಲಿದ್ದರೆ ಹತ್ತು ಮೀಟರಿನ ಮರ 57 ಮೀಟರ್ ದೂರದವರೆಗೂ ಅವನನ್ನು ಮರೆಮಾಡುತ್ತದೆ. ಹಾಗಾಗಿ ದಕ್ಷಿಣಕ್ಕೆ ತೆರೆದ ಬಯಲು ಬೇಕು. ಚಂದ್ರ ಅತಿ ಎತ್ತರದಲ್ಲಿರುವುದು ಒಂದು ಗಂಟೆ ಮುಂದಿಟ್ಟ ಅಲ್ಲಿನ ಬೇಸಿಗೆ ಗಡಿಯಾರದ ಪ್ರಕಾರ ರಾತ್ರಿ ಒಂದರ ಸುಮಾರಿಗೆ. ಬಟ್ಟಲಿನ ಅಂಚು ನೀರಿಗಿಂತ 5 ಸೆಂಟಿಮೀಟರ್ ಮೇಲಿದ್ದರೆ ಅದರ ನೆರಳೇ 28 ಸೆಂಟಿಮೀಟರ್. 30 ಸೆಂಟಿಮೀಟರ್ ಅಗಲದ ಬಟ್ಟಲು ಬಹುತೇಕ ಕತ್ತಲು. ಕಂಠದವರೆಗೆ ತುಂಬಿಸಿ. ನೆಲದ ಮೇಲಿಟ್ಟು ಬಗ್ಗಿ ನೋಡಿದರೂ ಬಿಂಬ ಸಿಗದು, ಏಕೆಂದರೆ ಬೆಳಕು ಬಂದ ಕೋನದಲ್ಲೇ ಆಚೆಗೆ ಹೋಗುತ್ತದೆ. ಬಟ್ಟಲು ಮೇಜಿನ ಮೇಲಿರಲಿ, ಕಣ್ಣು ನೀರಿಗಿಂತ 20 ಸೆಂಟಿಮೀಟರ್ ಮೇಲೆ, ಒಂದು ಮೀಟರಿಗಿಂತ ತುಸು ದೂರದಲ್ಲಿ, ಮುಖ ಚಂದ್ರನತ್ತ. ಇಷ್ಟಾದರೆ ಫಲ ಚೆನ್ನಾಗಿದೆ: ಈ ಓರೆಕೋನದಲ್ಲಿ ನೀರು ಬೆಳಕಿನ ಶೇ. 35ರ ಹತ್ತಿರ ಮರಳಿಸುತ್ತದೆ, ಬೆಂಗಳೂರಿನ ಚಂದ್ರನಿಗೆ ಶೇ. 3ನ್ನೂ ಅಲ್ಲ.

ಆ ನೀರಿಗೆ ಶಕ್ತಿ ‘ತುಂಬುತ್ತದೆ’ ಎಂಬುದು ಬೇರೆ ವಿಷಯ. ಬೆಳದಿಂಗಳು ಬಿಸಿಲೇ, ನಾಲ್ಕು ಲಕ್ಷ ಪಟ್ಟು ಮಂಕು. ಆದರೆ ನೀರಿನಲ್ಲಿ ಹರಳು ಹಾಕಿಟ್ಟು ಬೆಳಿಗ್ಗೆ ಕುಡಿಯುವವರು ಹುಷಾರಾಗಿರಬೇಕು. ಸೆಲೆನೈಟ್ ಎಂದರೆ ಜಿಪ್ಸಮ್, ಲೀಟರಿಗೆ ಸುಮಾರು 2 ಗ್ರಾಂ ಕರಗಿ ಹರಳಿನ ಹೊಳಪು ಹಾಳಾಗುತ್ತದೆ. ಮ್ಯಾಲಕೈಟ್‌ನಲ್ಲಿ ತಾಮ್ರವಿದೆ, ಗೆಲೀನಾದಲ್ಲಿ ಸೀಸ. ಇವೆರಡನ್ನೂ ಕುಡಿಯುವ ನೀರಿಗೆ ಹಾಕಲೇಬಾರದು; ಬಟ್ಟಲಿನ ಪಕ್ಕದಲ್ಲಿಟ್ಟರೆ ಸಾಕು.