ಹಳೆಯ ಕಾಮಿಡಿ ನೋಡಿದರೆ ನಗು ಬರುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ಎಲ್ಲರೂ ಹೊಗಳುವ ಹಳೆಯ ಕಾಮಿಡಿ ಸಿನಿಮಾಗಳನ್ನು ಹಾಕಿಕೊಂಡು ಕೂರುತ್ತೇನೆ. ಅರ್ಧ ಗಂಟೆಯಾದರೂ ನಗುವೇ ಬರುವುದಿಲ್ಲ. ಕೆಲವಂತೂ ಕಾಮಿಡಿ ಅಂತ ಹೇಳಿ ಅಳಿಸಿಬಿಡುತ್ತವೆ. ಇವನ್ನು ಹೇಗೆ ನೋಡಬೇಕು?

ಉತ್ತರ: ಮೊದಲಿಗೆ, ನಗು ಬರಲಿಲ್ಲ ಅಂತ ಸಂಕೋಚ ಬೇಡ. ಹಾಲಿವುಡ್‌ನ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್‌ನ ‘ದಿ ಜನರಲ್’ 1926ರಲ್ಲಿ ಬಂದಾಗ ಅನೇಕ ವಿಮರ್ಶಕರು ಮೂಗು ಮುರಿದಿದ್ದರು. ಹಾಕಿದ ದುಡ್ಡಿಗೆ ತಕ್ಕ ಗಳಿಕೆಯೂ ಆಗಲಿಲ್ಲ. ಈಗ ಅದನ್ನು ಮೂಕಿ ಕಾಲದ ದೊಡ್ಡ ಸಿನಿಮಾಗಳ ಸಾಲಿನಲ್ಲಿ ಇಡುತ್ತಾರೆ. ಅದು ಬಂದ ಕಾಲದವರೇ ಪೂರ್ತಿ ಒಪ್ಪಿರಲಿಲ್ಲ, ಅಲ್ವಾ?

ಪ್ರೀತಿಸಿದವರು ದೂರವಾದರೆ ಯಾವ ಕಾಲದ ಪ್ರೇಕ್ಷಕನಿಗೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಅದಕ್ಕೆ ಯಾರೂ ಏನೂ ಹೇಳಿಕೊಡಬೇಕಿಲ್ಲ. ನಗು ಹಾಗಲ್ಲ. ಪ್ರೇಕ್ಷಕನಿಗೆ ಮೊದಲೇ ಗೊತ್ತಿರುವ ಯಾವುದೋ ಒಂದನ್ನು ಹಿಡಿದುಕೊಂಡೇ ಅದು ಹುಟ್ಟಬೇಕು. ಅದು ಏನು ಅಂತ ಹುಡುಕಿದರೆ ಹಳೆಯ ಸಿನಿಮಾ ತಾನಾಗಿ ತೆರೆದುಕೊಳ್ಳುತ್ತದೆ.

ಮೈಯಿಂದ ಹುಟ್ಟುವ ನಗುವಿಗೆ ವಯಸ್ಸಾಗುವುದಿಲ್ಲ. ಬೀಳುವುದು, ಜಾರುವುದು, ತಪ್ಪಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ಕೀಟನ್‌ನ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ನೋಡಿ. ಬಿರುಗಾಳಿಗೆ ಒಂದು ಮನೆಯ ಮುಂಭಾಗದ ಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ಮೇಲಿನ ಕಿಟಕಿ ತೆರೆದಿದೆ. ಅವನು ಸರಿಯಾಗಿ ಆ ಕಿಟಕಿ ಬಂದು ಬೀಳುವ ಜಾಗದಲ್ಲೇ ನಿಂತಿದ್ದಾನೆ. ಗೋಡೆ ನಿಜವಾಗಿಯೂ ಭಾರದ್ದು, ನಿಂತವನೂ ಕೀಟನ್ನೇ. ಅಕ್ಕಪಕ್ಕ ಕೆಲವೇ ಇಂಚು ಜಾಗ. ಧೂಳೆದ್ದ ಮೇಲೂ ಅವನ ಮುಖದಲ್ಲಿ ಏನೂ ಇಲ್ಲ! ಆ ಸಪ್ಪೆ ಮುಖದಲ್ಲೇ ತಮಾಷೆ ಇರುವುದು. ಕ್ಯಾಮೆರಾವನ್ನೂ ಗಮನಿಸಿ. ದೂರದಲ್ಲಿ ಸುಮ್ನೆ ನಿಂತಿದೆ. ಇಡೀ ಮನುಷ್ಯ, ಇಡೀ ಗೋಡೆ ಒಂದೇ ಶಾಟ್‌ನಲ್ಲಿ ಕಾಣುತ್ತವೆ. ಈಗಿನ ಎಷ್ಟೋ ಸಿನಿಮಾಗಳಲ್ಲಿ ಇದೇ ದೃಶ್ಯ ಹತ್ತು ತುಂಡಾಗಿ ಬರುತ್ತಿತ್ತು, ನಗುವೂ ಅಷ್ಟೇ ತುಂಡಾಗುತ್ತಿತ್ತು.

ಮೂಕಿ ಸಿನಿಮಾ ಎಂದರೆ ಎಲ್ಲರೂ ಗಡಿಬಿಡಿಯಲ್ಲಿ ಓಡಾಡುವುದು ಎಂಬ ಭಾವನೆ ನಿಮಗಿದ್ದರೆ, ಅದರಲ್ಲಿ ಕಾಪಿಯ ದೋಷವೂ ಇರಬಹುದು. ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ವೇಗಕ್ಕೆ ಒಂದೇ ಅಳತೆ ಇರಲಿಲ್ಲ, ಸೆಕೆಂಡಿಗೆ 16 ಫ್ರೇಮಿನ, ಅಂದರೆ 16 ಬಿಡಿ ಚಿತ್ರಗಳ, ಆಸುಪಾಸಿನಲ್ಲಿ ತೆಗೆದದ್ದೂ ಉಂಟು. ಶಬ್ದ ಬಂದ ಮೇಲೆ 24 ಫ್ರೇಮ್ ಗಟ್ಟಿಯಾಯಿತು. ನಿಧಾನವಾಗಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ನಡೆಯುವವರೂ ಓಡುತ್ತಾರೆ. ಚೇಷ್ಟೆಗೆಂದು ಬೇಕಂತಲೇ ವೇಗ ಹೆಚ್ಚಿಸಿದ ದೃಶ್ಯಗಳೂ ಇವೆ ಅನ್ನಿ. ಆದರೂ ಸರಿಪಡಿಸಿದ ಒಳ್ಳೆಯ ಪ್ರಿಂಟ್ ಹುಡುಕಿ ನೋಡಿ, ವ್ಯತ್ಯಾಸ ಜಾಸ್ತಿ.

ಮಾತಿನ ಕಾಮಿಡಿ ಬೇಗ ಹಳತಾಗುತ್ತದೆ, ಅದು ನಿಜ. ‘ಹಿಸ್ ಗರ್ಲ್ ಫ್ರೈಡೇ’ (1940)ಯಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಾರೆ. ಸಬ್‌ಟೈಟಲ್ ಓದುವಷ್ಟರಲ್ಲಿ ಎರಡು ಜೋಕ್ ದಾಟಿಹೋಗಿರುತ್ತವೆ. ಒಂದೊಂದು ಮಾತಿನ ಹಿಂದೆ ಓಡಬೇಡಿ. ಆ ಪತ್ರಕರ್ತೆಯೂ ಅವಳ ಮಾಜಿ ಗಂಡನೂ ಮಾತಲ್ಲೇ ಗುದ್ದಾಡುವ ಲಯ ಹಿಡಿಸಿದರೆ ಸಾಕು.

ಇನ್ನು ಕೆಲವು ನಗೆ ಆ ಕಾಲದ ಕಟ್ಟುಪಾಡನ್ನು ನೆಚ್ಚಿಕೊಂಡಿರುತ್ತವೆ. ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಸಿನಿಮಾದಲ್ಲಿ ಮದುವೆಯಾಗದ ಇಬ್ಬರು ಒಂದೇ ರೂಮಿನಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ಎರಡು ಮಂಚಗಳ ನಡುವೆ ಹಗ್ಗ ಕಟ್ಟಿ ಕಂಬಳಿ ನೇತುಹಾಕುತ್ತಾರೆ. ಅದು ಎಂಥ ಪೇಚಿನ ಸಂಗತಿ ಎಂದು ಮನಸ್ಸಿಗೆ ಬಾರದಿದ್ದರೆ ಕಂಬಳಿ ಬರೀ ಕಂಬಳಿ.

ಅಳಿಸುವ ಕಾಮಿಡಿಯ ವಿಷಯಕ್ಕೆ ಬರೋಣ. ಇವುಗಳಿಗೆ ನಿಮಿಷಕ್ಕಿಷ್ಟು ನಗು ಅಂತ ಲೆಕ್ಕ ಇಡಬೇಡಿ. ನಗಿಸಿದ ವಸ್ತುವೇ ಮುಂದೆ ಯಾವಾಗ ಚುಚ್ಚುತ್ತದೆ ಎಂದು ಕಾಯಿರಿ. ನನ್ನ ಮಟ್ಟಿಗೆ ಇದರಲ್ಲಿ ನಿರ್ದೇಶಕ ಬಿಲ್ಲಿ ವೈಲ್ಡರ್‌ನ ‘ದಿ ಅಪಾರ್ಟ್‌ಮೆಂಟ್’ (1960) ಮೀರಿಸಿದ್ದಿಲ್ಲ. ಬಡ್ತಿಯ ಆಸೆಗೆ ಒಬ್ಬ ಗುಮಾಸ್ತ ತನ್ನ ಮನೆಯನ್ನು ಆಫೀಸಿನ ದೊಡ್ಡವರ ಕಳ್ಳ ಪ್ರೇಮಕ್ಕೆ ಬಿಟ್ಟುಕೊಡುತ್ತಾನೆ. ಟೆನಿಸ್ ರಾಕೆಟ್‌ನಲ್ಲಿ ಸ್ಪಗೆಟಿ ಬಸಿಯುತ್ತಾನೆ, ಪಾರ್ಕಿನಲ್ಲಿ ರಾತ್ರಿ ಕಳೆದು ಶೀತ ಹಿಡಿಸಿಕೊಳ್ಳುತ್ತಾನೆ. ನಗುತ್ತೇವೆ. ಒಮ್ಮೆ ಅವನ ಮನೆಯಲ್ಲಿ ಯಾರೋ ಬಿಟ್ಟುಹೋದ ಒಡೆದ ಪುಟ್ಟ ಕನ್ನಡಿ ಸಿಗುತ್ತದೆ. ಅದನ್ನು ಮೇಲಧಿಕಾರಿಗೆ ಹಿಂದಿರುಗಿಸುತ್ತಾನೆ. ಮುಂದೆ ಆಫೀಸಿನ ಕ್ರಿಸ್‌ಮಸ್ ಪಾರ್ಟಿಯಲ್ಲಿ ಹೊಸ ಹ್ಯಾಟ್ ಹಾಕಿಕೊಂಡು, ತಾನು ಮನಸ್ಸಿನಲ್ಲೇ ಮೆಚ್ಚಿದ, ಆಫೀಸಿನ ಲಿಫ್ಟ್ ನಡೆಸುವ ಹುಡುಗಿಯ ಮುಂದೆ ಮೆರೆಯುತ್ತಾನೆ. ನೋಡಿಕೊಳ್ಳಲಿ ಎಂದು ಅವಳು ಕನ್ನಡಿ ಕೊಡುತ್ತಾಳೆ. ತೆರೆದರೆ ಅದೇ ಬಿರುಕು. ಯಾರೂ ಏನೂ ವಿವರಿಸುವುದಿಲ್ಲ. ಇಷ್ಟು ಹೊತ್ತು ನಾವು ನಕ್ಕಿದ್ದು ಯಾವ ವ್ಯವಹಾರಕ್ಕೆ ಎಂದು ಅವನ ಜೊತೆಗೇ ನಮಗೂ ತಿಳಿಯುತ್ತದೆ.

ಹಾಗಂತ ಎಲ್ಲವನ್ನೂ ಮೆಚ್ಚಲೇಬೇಕೆಂದಿಲ್ಲ. ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ (1961)ನಲ್ಲಿ ಮಿಕ್ಕಿ ರೂನಿ ಜಪಾನಿಯ ವೇಷ ಹಾಕಿ ಮಾಡುವ ಅಣಕ ಇವತ್ತು ನೋಡಲಾಗುವುದಿಲ್ಲ. ಆ ಕಾಲವೇ ಹಾಗಿತ್ತು ಎಂದು ಒತ್ತಾಯದಿಂದ ನಗುವ ಅಗತ್ಯ ಇಲ್ಲ. ಉಳಿದ ಸಿನಿಮಾ ಹಿಡಿಸಿದರೆ ಅದನ್ನು ಇಟ್ಟುಕೊಳ್ಳಿ.

ಆದಷ್ಟು ನಾಲ್ಕು ಜನರ ಜೊತೆ ನೋಡಿ. ಇವುಗಳಲ್ಲಿ ಬಹುಪಾಲು ತುಂಬಿದ ಥಿಯೇಟರಿಗೆಂದು ಮಾಡಿದವು, ಪಕ್ಕದವರ ನಗು ಅಂಟುತ್ತದೆ. ಫ್ರೆಂಚ್ ನಿರ್ದೇಶಕ ಜಾಕ್ ತಾತಿಯ ‘ಪ್ಲೇಟೈಮ್’ (1967) ಮಾತ್ರ ಫೋನಿನಲ್ಲಿ ಬೇಡವೇ ಬೇಡ. ದೊಡ್ಡ ಪರದೆಗೆ ಹೊಂದುವ ಅಗಲವಾದ 70 ಎಂಎಂ ಫಿಲ್ಮಿನಲ್ಲಿ ತೆಗೆದ ಆ ಸಿನಿಮಾದ ತಮಾಷೆ ಎಷ್ಟೋ ಸಲ ಪರದೆಯ ಮೂಲೆಯಲ್ಲಿ ನಡೆಯುತ್ತಿರುತ್ತದೆ. ಶುರು ಮಾಡಲು ಕೀಟನ್‌ನ ‘ಷರ್ಲಾಕ್ ಜೂನಿಯರ್’ (1924) ಒಳ್ಳೆಯದು, ಮುಕ್ಕಾಲು ಗಂಟೆಯಷ್ಟೇ. ಅದೂ ಹಿಡಿಸದಿದ್ದರೆ ಮೂಕಿಯನ್ನು ಸದ್ಯಕ್ಕೆ ಬಿಟ್ಟು ನೇರವಾಗಿ 1960ರ ‘ದಿ ಅಪಾರ್ಟ್‌ಮೆಂಟ್’ಗೆ ಜಿಗಿಯಿರಿ.