ಸ್ಪಿತಿಗೆ ಕಿನ್ನೌರದ ಕಡೆಯಿಂದ ಹತ್ತಿ, ಮನಾಲಿಯ ಕಡೆ ಇಳಿಯಿರಿ

ಮನಾಲಿಯಿಂದ ಹಿಮಾಚಲದ ಸ್ಪಿತಿ ಕಣಿವೆಯ ಮುಖ್ಯ ಊರು ಕಾಜಾಕ್ಕೆ ಸುಮಾರು 200 ಕಿ.ಮೀ. ಶಿಮ್ಲಾದಿಂದ ಕಿನ್ನೌರ ಜಿಲ್ಲೆ ಬಳಸಿ ಹೋದರೆ 400ಕ್ಕೂ ಹೆಚ್ಚು. ನಕ್ಷೆ ನೋಡಿದವರು ಮನಾಲಿ ದಾರಿಯನ್ನೇ ಹಿಡಿಯುತ್ತಾರೆ. ಪ್ರವಾಸ ಕೆಡುವುದು ಬಹುಪಾಲು ಅಲ್ಲೇ.

ಮನಾಲಿ ಇರುವುದು 2,050 ಮೀಟರ್ ಎತ್ತರದಲ್ಲಿ. ಮರುರಾತ್ರಿ ದಾರಿಯಲ್ಲಿ ಸಿಗುವ ಚಂದ್ರತಾಲ್ ಸರೋವರದ ಬಳಿ ಟೆಂಟಿನಲ್ಲಿ ಮಲಗಿದರೆ 4,250. ಒಂದೇ ಹಗಲಿಗೆ 2,200 ಮೀಟರ್ ಏರಿದಂತಾಯಿತು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು ಎಂಬುದು ಪರ್ವತ ವೈದ್ಯರ ಲೆಕ್ಕ. ಎತ್ತರದ ಕಾಯಿಲೆಯ ತಲೆನೋವು, ವಾಕರಿಕೆ ತಲುಪಿದ ಕೂಡಲೇ ಬರುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಬಿಟ್ಟು, ಅಂದರೆ ನಡುರಾತ್ರಿ ಶುರುವಾಗುತ್ತವೆ. ಆಗ ಫೋನಿಗೆ ಸಿಗ್ನಲ್ ಇಲ್ಲ, ಮುಂದಿರುವುದು ಬಾತಲ್‌ನ ಕಲ್ಲುದಾರಿ. ಮುಳ್ಳಯ್ಯನಗಿರಿಯನ್ನು ಓಡಿಕೊಂಡೇ ಹತ್ತುವವರಿಗೂ ಇದರಿಂದ ವಿನಾಯಿತಿ ಇಲ್ಲ. ಅದರ ಎತ್ತರ 1,930 ಮೀಟರ್ ಅಷ್ಟೇ; ಕಾಲಿನ ಕಸುವಿಗೂ ತೆಳುಗಾಳಿಗೆ ದೇಹ ಒಗ್ಗುವುದಕ್ಕೂ ಸಂಬಂಧವಿಲ್ಲ.

ಕಿನ್ನೌರದ ದಾರಿ ಹೀಗೆ: ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನದಲ್ಲಿ ಬಂದು, ಮೊದಲ ರಾತ್ರಿ ನಾರ್ಕಂಡಾ (2,700), ಆಮೇಲೆ ಸಾಂಗ್ಲಾ, ಕಲ್ಪಾದಲ್ಲಿ (2,960) ಒಂದೊಂದು ರಾತ್ರಿ. ಮುಂದೆ ನಾಕೋ ಹಳ್ಳಿ ಸುಮಾರು 3,660 ಮೀಟರಿನಲ್ಲಿದೆ. ಅಲ್ಲಿನ ಕೆರೆಯ ಚೆಲುವಿಗೆ ಮರುಳಾಗಿ ಎಲ್ಲರೂ ಉಳಿಯುತ್ತಾರೆ. ನೀವು ಊಟ ಮುಗಿಸಿ ಹೊರಡಿ, ತಾಬೋದಲ್ಲಿ (3,280) ಎರಡು ರಾತ್ರಿ ಮಲಗಿ. ಕ್ರಿ.ಶ. 996ರ ಮಠ ಅಲ್ಲಿದೆ, ದಿನ ದಂಡವಾಗುವುದಿಲ್ಲ. ನಂತರ ಕಾಜಾದಲ್ಲಿ ಮೂರು ರಾತ್ರಿ. ಸುತ್ತಲಿನ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಹಳ್ಳಿಗಳು 4,400ರಿಂದ 4,600 ಮೀಟರಿನ ಆಸುಪಾಸು. ಹಗಲು ನೋಡಿ ಸಂಜೆಗೆ ಕಾಜಾಕ್ಕೆ ಇಳಿದುಬಿಡಬೇಕು. ಚಂದ್ರತಾಲ್ ಕೊನೆಗಿರಲಿ. ಅಷ್ಟರಲ್ಲಿ ದೇಹ ಒಗ್ಗಿರುತ್ತದೆ.

ಹೀಗೆ ಹೋದರೆ ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಎಷ್ಟೋ ಜನರಿಗೆ ಬೇಕಾಗುವುದೇ ಇಲ್ಲ. ಹಿಂದೆ ಎತ್ತರದ ಕಾಯಿಲೆ ಬಂದವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ರೂಢಿಯ ಪ್ರಮಾಣ 125 ಮಿ.ಗ್ರಾಂ., ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಬೆರಳು ಜುಮ್ಮೆನ್ನುವುದು, ಪದೇಪದೇ ಮೂತ್ರಕ್ಕೆ ಹೋಗುವುದು ಮಾತ್ರೆಯ ಪರಿಣಾಮ, ಗಾಬರಿ ಬೇಡ. ಅಂಗಡಿಯ ಪುಟ್ಟ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷಕ್ಕೆ ಖಾಲಿ. ಆ ದುಡ್ಡಿಗೆ ಪಲ್ಸ್ ಆಕ್ಸಿಮೀಟರ್ ಕೊಳ್ಳುವುದು ಲೇಸು. ಸುಮ್ಮನೆ ಕೂತಾಗಲೂ ಏದುಸಿರು, ಅಥವಾ ಒಂದು ಪಾದದ ಮುಂದೆ ಇನ್ನೊಂದಿಟ್ಟು ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಟ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಕಾಜಾದ ಸರ್ಕಾರಿ ಆಸ್ಪತ್ರೆಗೆ ತೋರಿಸಿ, ತಾಬೋ ಕಡೆ ಇಳಿಸಿ. ಮನಾಲಿ ಕಡೆ ಹೊರಟರೆ ಇಳಿಯುವ ಮೊದಲು 4,500 ಮೀಟರ್ ಮೀರಿದ ಕುಂಜುಮ್ ಘಟ್ಟ ಹತ್ತಬೇಕು. ರೋಗಿಗೆ ಅದೇ ಕುತ್ತು.

ಕುಂಜುಮ್ ತೆರೆದಿರುವುದು ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ. ಸ್ಪಿತಿ ಮಳೆನೆರಳಿನ ನಾಡು. ಅಲ್ಲಿಗೆ ಹೋಗುವ ಕಿನ್ನೌರದ ರಸ್ತೆಗೆ ಆ ಭಾಗ್ಯವಿಲ್ಲ. 2021ರ ಆಗಸ್ಟಿನಲ್ಲಿ ನಿಗುಲ್ಸರಿಯಲ್ಲಿ ಗುಡ್ಡ ಕುಸಿದು ಬಸ್ಸೇ ಹೂತುಹೋಯಿತು. ನಮ್ಮ ಆಯ್ಕೆ ಸೆಪ್ಟೆಂಬರ್: ಮಳೆ ಹಿಂದೆಗೆಯುತ್ತಿರುತ್ತದೆ, ಹಳ್ಳಗಳೂ ಇಳಿದಿರುತ್ತವೆ. ಮನಾಲಿಗೆ ಇಳಿಯುವಾಗ ಬಾತಲ್ ದಾಟಿ ಗ್ರಾಂಫೂವರೆಗೆ ರಸ್ತೆಗೆ ಅಡ್ಡಲಾಗಿ ಹರಿಯುವ ಹಿಮದ ನೀರು ಬಿಸಿಲೇರಿದಂತೆ ಏರುತ್ತದೆ. ಚಂದ್ರತಾಲ್‌ನಿಂದ ಬೆಳಿಗ್ಗೆ ಆರಕ್ಕೇ ಹೊರಡಿ. ಪೆಟ್ರೋಲ್ ಕಾಜಾದಲ್ಲೇ ತುಂಬಿಸಿ, ನಡುವೆ ಬಂಕ್ ನಂಬಿಕೊಳ್ಳಬೇಡಿ. ನಗದು ಬೇಕೇಬೇಕು.

ಹಿಂದಿರುಗುವ ವಿಮಾನದ ಟಿಕೆಟ್ಟು ಮನಾಲಿ ತಲುಪುವ ದಿನಕ್ಕಿಂತ ಮೂರು ದಿನ ತಡವಾಗಿರಲಿ. ಕುಂಜುಮ್ ಮುಚ್ಚಿದರೆ ಬಂದ ದಾರಿಯಲ್ಲೇ ಶಿಮ್ಲಾಕ್ಕೆ ಮರಳಲು ಎರಡು ಪೂರ್ತಿ ದಿನ ಹಿಡಿಯುತ್ತದೆ.