ತವರು ಬಿಟ್ಟ ಮರದ ಚುರುಕು ಬೀಜ

ನಮ್ಮಲ್ಲಿ ಬಳ್ಳಾರಿ ಜಾಲಿ ಹಬ್ಬಿದ ಹಾಗೆ ಯುರೋಪಿನಲ್ಲಿ ಹಬ್ಬಿದ್ದು ಬ್ಲ್ಯಾಕ್ ಲೋಕಸ್ಟ್. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಮರ ಇದು. 17ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ ಸೇರಿತು. ಫ್ರಾನ್ಸಿನ ರಾಜರ ತೋಟಗಾರ ಝಾನ್ ರಾಬಿನ್ ನೆನಪಿಗೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ರಾಬಿನಿಯಾ ಎಂದು ಕರೆದ. ಈಗ ಹಂಗೇರಿಯ ಕಾಡಿನ ಸುಮಾರು ಕಾಲು ಭಾಗ ಇದೇ ಮರ. ಅಲ್ಲಿನವರಿಗೆ ಮರಮುಟ್ಟು, ಸೌದೆ, ಜೇನು ಎಲ್ಲ ಇದರಿಂದಲೇ ಸಿಗುತ್ತವೆ. ಹಾಗಾಗಿ ಸುಮ್ನೆ ಕಳೆ ಅಂತ ಬೈಯುವಂತೆಯೂ ಇಲ್ಲ.

ತವರಿನಲ್ಲಿ ಇದರ ಆಟ ಅಷ್ಟು ನಡೆಯುವುದಿಲ್ಲ. ಕಾಡು ಕಡಿದ ಜಾಗಕ್ಕೆ ಮೊದಲು ಬರುತ್ತದೆ, ಬೇರೆ ಮರಗಳ ನೆರಳು ಬಿದ್ದಾಗ ಸೊರಗುತ್ತದೆ. ಕಾಂಡ ಕೊರೆಯುವ ದುಂಬಿಯ ಕಾಟವೂ ಜಾಸ್ತಿ. ಹೊಸ ನಾಡಿನಲ್ಲಿ ಆ ಶತ್ರು ಇಲ್ಲ, ಸರಿ. ಆದರೆ ಬೀಜದ ಗುಣವೇ ಬದಲಾಗಿದ್ದರೆ?

2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ನೋಡಿತು. ಎರಡೂ ಖಂಡಗಳ ಬೀಜಗಳನ್ನು ಒಂದೇ ಬಗೆಯ ವ್ಯವಸ್ಥೆಯಲ್ಲಿ, ಬೇರೆ ಬೇರೆ ಉಷ್ಣಾಂಶದಲ್ಲಿ ಮೊಳಕೆಗೆ ಇಟ್ಟರು. ಯುರೋಪಿನ ಬೀಜಗಳು ತವರಿನವುಗಳಿಗಿಂತ ಚೆನ್ನಾಗಿ ಮೊಳೆತವು.

ಇದು ಹುರುಳಿ, ಅವರೆಗಳ ಬಳಗದ ಮರ. ಬೀಜದ ಸಿಪ್ಪೆ ಎಷ್ಟು ಗಟ್ಟಿ ಎಂದರೆ ನೀರು ಒಳಗೆ ಇಳಿಯುವುದೇ ಕಷ್ಟ. ನಮ್ಮ ನರ್ಸರಿಗಳಲ್ಲಿ ಅಕೇಶಿಯಾ ಬೀಜಕ್ಕೆ ಬಿಸಿನೀರು ಹಾಕುತ್ತಾರಲ್ಲ, ಇದಕ್ಕೂ ಅದೇ ಉಪಚಾರ. ಇಲ್ಲದಿದ್ದರೆ ವರ್ಷಗಟ್ಟಲೆ ಮಣ್ಣಲ್ಲೇ ಕೂತಿರುತ್ತದೆ. ಈ ಕಾಯುವಿಕೆ ಸೋಮಾರಿತನವಲ್ಲ. ಎಲ್ಲ ಬೀಜಗಳೂ ಒಟ್ಟಿಗೆ ಮೊಳೆತು, ಆ ವರ್ಷ ಮಳೆ ಕೈಕೊಟ್ಟರೆ ಸಂತಾನವೇ ಹೋಯಿತು. ಕೆಲವು ಈಗ, ಕೆಲವು ಆಮೇಲೆ ಎದ್ದರೆ ಒಂದಷ್ಟಾದರೂ ಉಳಿಯುತ್ತವೆ.

ಹಾಗಾದರೆ ಯುರೋಪಿನದು ಯಾಕೆ ಹೀಗೆ? ಅಲ್ಲಿಯ ಮರಗಳ ಮೂಲ ಉತ್ತರ ಅಪಲೇಚಿಯನ್‌ನ ಕೆಲವೇ ಜಾಗಗಳು ಎಂದು 2019ರ ಇನ್ನೊಂದು ತಳಿ ಅಧ್ಯಯನ ತೋರಿಸಿದೆ. ಹಡಗು ಹತ್ತಿದ ಬೀಜಗಳೇ ಚುರುಕಿನವು ಆಗಿದ್ದಿರಬಹುದು. ನನಗೆ ಹೆಚ್ಚು ಹಿಡಿಸುವುದು ಬೇರೆ ಊಹೆ. ನಾಲ್ಕು ಶತಮಾನ ಇದನ್ನು ನೆಟ್ಟು ಬೆಳೆಸಿದವರು ಮನುಷ್ಯರು. ಬಿಸಿನೀರು ಹಾಕಿದ ಮೇಲೂ ಏಳದ ಬೀಜವನ್ನು ಯಾವ ನರ್ಸರಿಯವರು ಕಾಯುತ್ತಾರೆ? ಎದ್ದದ್ದು ಸಸಿಯಾಯಿತು, ಸಸಿ ಮರವಾಗಿ ಮತ್ತೆ ಬೀಜ ಕೊಟ್ಟಿತು. ಯಾರೂ ಬೇಕೆಂದೇ ಆರಿಸಲಿಲ್ಲ, ಆದರೂ ಆಯ್ಕೆ ನಡೆದೇ ಹೋಯಿತು.

ಒಂದು ತೊಡಕಿದೆ. ತಾಯಿಮರಕ್ಕೆ ಒಳ್ಳೆ ಮಣ್ಣು, ಬಿಸಿಲು ಸಿಕ್ಕಿದ್ದರೂ ಬೀಜ ಚೆನ್ನಾಗಿ ಮೊಳೆಯುತ್ತದೆ, ಅಲ್ವಾ? ಅದನ್ನು ತಳಿಗುಣದಿಂದ ಬೇರ್ಪಡಿಸಲು ಎರಡೂ ಕಡೆಯ ಬೀಜಗಳನ್ನು ಒಂದೇ ಹೊಲದಲ್ಲಿ ಮರ ಮಾಡಿ, ಆ ಮರಗಳ ಬೀಜವನ್ನು ಮತ್ತೆ ಮೊಳಕೆಗೆ ಇಡಬೇಕು. ರಾಬಿನಿಯಾ ಬೀಜ ಬಿಡಲು ಸುಮಾರು 6 ವರ್ಷ ಬೇಕು.